ಮೊಟ್ಟೆ ತೊಳೆದ ನೀರಿನ ಚರಿತ್ರೆ

ಅಮೆರಿಕದ ಕೃಷಿ ಇಲಾಖೆಯ ದರ್ಜೆಮುದ್ರೆ ಬೇಕಾದ ಕೋಳಿಮೊಟ್ಟೆಯನ್ನು ಬಿಸಿನೀರು ಮತ್ತು ಮಾರ್ಜಕದಿಂದ ತೊಳೆದು, ಕ್ಲೋರಿನ್ ಅಥವಾ ಅದಕ್ಕೆ ಸಮನಾದ ಸೋಂಕುನಿವಾರಕ ಬೆರೆತ ನೀರಿನಲ್ಲಿ ಜಾಲಿಸಿ, ಒಣಗಿಸಿದ ಮೇಲೆಯೇ ಪೆಟ್ಟಿಗೆಗೆ ತುಂಬಬೇಕು. ಐರೋಪ್ಯ ಒಕ್ಕೂಟದಲ್ಲಾದರೋ ಎ ದರ್ಜೆಯ ಮೊಟ್ಟೆಯನ್ನು ತೊಳೆಯುವುದಾಗಲಿ ಬೇರೆ ಬಗೆಯಲ್ಲಿ ಶುಚಿಗೊಳಿಸುವುದಾಗಲಿ ನಿಷಿದ್ಧ. ಎರಡು ಕಟ್ಟಳೆಗಳೂ ಹುಟ್ಟಿದ್ದು ಒಂದೇ ಭಯದಿಂದ. ಚಿಪ್ಪಿನ ಮೇಲೆ ಕುಳಿತ ಬ್ಯಾಕ್ಟೀರಿಯಾ ಒಳಹೊಕ್ಕು ಮೊಟ್ಟೆಯನ್ನು ಕೊಳೆಸೀತು, ಇಲ್ಲವೇ ತಿಂದವರನ್ನು ಕೆಡವೀತು ಎಂಬುದು ಆ ಭಯ. ಒಂದೇ ಭಯಕ್ಕೆ ಇಷ್ಟು ವಿರುದ್ಧವಾದ ಎರಡು ಪರಿಹಾರಗಳು ಹೇಗೆ ಒದಗಿದವು ಎಂಬುದನ್ನು ಅರಿಯಬೇಕಾದರೆ, ಮೊಟ್ಟೆಯ ಚರಿತ್ರೆಗಿಂತಲೂ ಅದನ್ನು ತೊಳೆದ ನೀರಿನ ಚರಿತ್ರೆಯನ್ನು ನೋಡಬೇಕು. ಆ ನೀರು ಎಷ್ಟು ಬಿಸಿಯಾಗಿತ್ತು, ಅದರಲ್ಲಿ ಏನು ಕರಗಿತ್ತು, ಎಷ್ಟು ಹೊತ್ತಿನಿಂದ ಬದಲಾಗದೆ ಉಳಿದಿತ್ತು ಎಂಬ ಪ್ರಶ್ನೆಗಳ ಸುತ್ತಲೇ ಒಂದು ಶತಮಾನದ ವಾದವೆಲ್ಲ ತಿರುಗಿದೆ.

ಚಿಪ್ಪಿನ ರಚನೆಯನ್ನು ಮೊದಲು ತಿಳಿಯದೆ ಈ ವಾದ ಅರ್ಥವಾಗುವಂತಿಲ್ಲ. ಕೋಳಿಮೊಟ್ಟೆಯ ಚಿಪ್ಪು ಬಹುಪಾಲು ಕ್ಯಾಲ್ಸಿಯಂ ಕಾರ್ಬೊನೇಟ್, ಅಂದರೆ ಸುಣ್ಣಕಲ್ಲಿನಲ್ಲಿರುವ ದ್ರವ್ಯವೇ. ಅದರ ದಪ್ಪ ಒಂದು ಮಿಲಿಮೀಟರಿನ ಮೂರನೆಯ ಒಂದು ಪಾಲಿನಷ್ಟು. ಈ ತೆಳುಗೋಡೆಯಲ್ಲಿ ಸುಮಾರು 7,000ದಿಂದ 17,000ದವರೆಗೆ ಸೂಕ್ಷ್ಮರಂಧ್ರಗಳಿವೆ, ಏಕೆಂದರೆ ಕಾವು ಕೂತ 21 ದಿನಗಳಲ್ಲಿ ಒಳಗಿನ ಮರಿ ಉಸಿರಾಡಬೇಕು, ಆಮ್ಲಜನಕ ಒಳಗೆ ಬರಬೇಕು, ಇಂಗಾಲದ ಡೈಆಕ್ಸೈಡ್ ಮತ್ತು ನೀರಾವಿ ಹೊರಗೆ ಹೋಗಬೇಕು. ರಂಧ್ರಗಳ ಬಾಯನ್ನು ಹೊರಗಿನಿಂದ ಮುಚ್ಚುವುದು ಕ್ಯುಟಿಕಲ್ ಎಂಬ ಪೊರೆ. ಇದು ಮುಖ್ಯವಾಗಿ ಪ್ರೋಟೀನಿನಿಂದಾದದ್ದು, ಮೊಟ್ಟೆ ಇಟ್ಟ ಗಳಿಗೆಯಲ್ಲಿ ಒದ್ದೆಯಾಗಿದ್ದು ಕೆಲವೇ ನಿಮಿಷಗಳಲ್ಲಿ ಒಣಗಿ ಗಟ್ಟಿಯಾಗುತ್ತದೆ. ಚಿಪ್ಪಿನ ಒಳಮೈಗೆ ಅಂಟಿಕೊಂಡಂತೆ ಎರಡು ನಾರುಪೊರೆಗಳಿವೆ. ಅವುಗಳಿಗೂ ಒಳಗೆ ಬಿಳಿಲೋಳೆ, ಅದರ ನಡುವೆ ಹಳದಿ ಭಾಗ. ಕೋಳಿಯ ಮೈ ಬಿಸಿ ಸುಮಾರು 41 ಡಿಗ್ರಿ ಸೆಲ್ಸಿಯಸ್ ಇರುವುದರಿಂದ ಹೊಸದಾಗಿ ಇಟ್ಟ ಮೊಟ್ಟೆ ಹೊರಗಿನ ಗಾಳಿಗೆ ತಣಿಯುವಾಗ ಒಳಗಿನ ದ್ರವ ಕುಗ್ಗುತ್ತದೆ, ಆ ಕುಗ್ಗುವಿಕೆ ಹುಟ್ಟಿಸಿದ ಎಳೆತಕ್ಕೆ ರಂಧ್ರಗಳ ಮೂಲಕ ಗಾಳಿ ಒಳನುಗ್ಗಿ, ಮೊಟ್ಟೆಯ ದಪ್ಪ ತುದಿಯಲ್ಲಿ ಗಾಳಿಗೂಡು ಮೂಡುತ್ತದೆ. ಸುಲಿದ ಬೇಯಿಸಿದ ಮೊಟ್ಟೆಯ ತುದಿ ತಗ್ಗಾಗಿರುವುದಕ್ಕೆ ಕಾರಣ ಇದೇ. ಈ ಸಣ್ಣ ಭೌತಿಕ ಕ್ರಿಯೆಯೇ ಮುಂದೆ ಲಕ್ಷಾಂತರ ಮೊಟ್ಟೆಗಳ ಕೊಳೆತಕ್ಕೆ ಕಾರಣವಾಯಿತೆಂದು ವಿಜ್ಞಾನಿಗಳು ಗುರುತಿಸಲು ಬಹಳ ಕಾಲ ಹಿಡಿಯಿತು.

ಹತ್ತೊಂಬತ್ತನೆಯ ಶತಮಾನದ ಕೊನೆಯವರೆಗೂ ಮೊಟ್ಟೆ ಋತುಮಾನದ ಪದಾರ್ಥವಾಗಿತ್ತು. ಹಗಲು ಉದ್ದವಾಗುವ ವಸಂತದಲ್ಲಿ ಕೋಳಿಗಳು ಹೆಚ್ಚು ಇಡುತ್ತಿದ್ದವು, ಚಳಿಗಾಲದಲ್ಲಿ ಬಹುತೇಕ ನಿಲ್ಲಿಸುತ್ತಿದ್ದವು. ಆದ್ದರಿಂದ ವಸಂತದ ಅಗ್ಗದ ಮೊಟ್ಟೆಯನ್ನು ಚಳಿಗಾಲದ ದುಬಾರಿ ಪೇಟೆಗೆ ಮುಟ್ಟಿಸುವುದೇ ವ್ಯಾಪಾರದ ಗುಟ್ಟಾಗಿತ್ತು. ಸುಣ್ಣದ ತಿಳಿನೀರಿನಲ್ಲಿ ಮುಳುಗಿಸುವುದು, ಎಣ್ಣೆ ಸವರುವುದು, ಹೊಟ್ಟಿನಲ್ಲಿ ಹೂಳುವುದು ಇವೆಲ್ಲ ಯುರೋಪು ಮತ್ತು ಅಮೆರಿಕದ ಮನೆಗಳಲ್ಲಿ ಬಳಕೆಯಲ್ಲಿದ್ದ ಉಪಾಯಗಳು. ಅನಂತರ ಬಂದ ನೀರುಗಾಜು, ಅಂದರೆ ನೀರಿನಲ್ಲಿ ಕರಗುವ ಸೋಡಿಯಂ ಸಿಲಿಕೇಟ್, ಇಪ್ಪತ್ತನೆಯ ಶತಮಾನದ ಮೊದಲ ದಶಕಗಳಲ್ಲಿ ಸರ್ಕಾರಿ ಕರಪತ್ರಗಳೇ ಶಿಫಾರಸು ಮಾಡುವಷ್ಟು ಜನಪ್ರಿಯವಾಯಿತು. ಈ ಉಪಾಯಗಳೆಲ್ಲದರ ತಳದಲ್ಲಿದ್ದ ಯೋಚನೆ ಒಂದೇ: ರಂಧ್ರಗಳನ್ನು ಮುಚ್ಚಬೇಕು. ಇವುಗಳನ್ನು ಬಳಸಿದವರಿಗೆ ಬ್ಯಾಕ್ಟೀರಿಯಾದ ಪರಿಚಯ ಇರಲಿ ಇಲ್ಲದಿರಲಿ, ಚಿಪ್ಪು ಉಸಿರಾಡುತ್ತದೆ ಎಂಬುದೂ, ಕೆಡುಕು ಆ ದಾರಿಯಿಂದಲೇ ಬರುತ್ತದೆ ಎಂಬುದೂ ಅನುಭವದಿಂದ ಗೊತ್ತಿತ್ತು. ನೀರುಗಾಜಿನಲ್ಲಿ ಇಡುವ ಮೊಟ್ಟೆಯನ್ನು ತೊಳೆಯಬಾರದು ಎಂಬ ಎಚ್ಚರಿಕೆ ಆ ಕಾಲದ ಗೃಹೋಪಯೋಗಿ ಸಲಹೆಗಳಲ್ಲಿ ಮತ್ತೆ ಮತ್ತೆ ಕಾಣುತ್ತದೆ.

ಅಮೆರಿಕದಲ್ಲಿ ಶೈತ್ಯಾಗಾರಗಳು ಬಂದ ಮೇಲೆ ವ್ಯಾಪಾರದ ಗಾತ್ರ ಬದಲಾಯಿತು. ಹಳ್ಳಿಯ ರೈತನ ಹೆಂಡತಿ ಬುಟ್ಟಿಯಲ್ಲಿ ತಂದು ಅಂಗಡಿಗೆ ಕೊಟ್ಟ ಮೊಟ್ಟೆ ರೈಲಿನಲ್ಲಿ ನೂರಾರು ಮೈಲಿ ಸಾಗಿ, ತಿಂಗಳುಗಟ್ಟಲೆ ತಣ್ಣನೆಯ ಕೋಣೆಯಲ್ಲಿ ಕುಳಿತು, ಆಮೇಲೆ ನಗರದ ಅಡುಗೆಮನೆ ಸೇರತೊಡಗಿತು. ಹಿಕ್ಕೆ ಮೆತ್ತಿದ ಮೊಟ್ಟೆಗೆ ಬೆಲೆ ಕಡಿಮೆ ಸಿಗುತ್ತಿದ್ದುದರಿಂದ ರೈತರು ಅದನ್ನು ಒದ್ದೆ ಬಟ್ಟೆಯಿಂದ ಒರೆಸಿಯೋ ಬಕೆಟ್ಟಿನ ನೀರಿನಲ್ಲಿ ಅದ್ದಿಯೋ ಬಿಳಿ ಮಾಡಿ ಕಳುಹಿಸುತ್ತಿದ್ದರು. ಕೊಳ್ಳುವಾಗ ಚೆನ್ನಾಗಿ ಕಂಡ ಆ ಮೊಟ್ಟೆಗಳೇ ಶೈತ್ಯಾಗಾರದಲ್ಲಿ ಮೊದಲು ಕೊಳೆಯುತ್ತಿದ್ದವು. ಈ ನಷ್ಟದ ಕಾರಣವನ್ನು ಕ್ರಮಬದ್ಧವಾಗಿ ಹುಡುಕಿದವರಲ್ಲಿ ಮೊದಲ ಹೆಸರು ಮೇರಿ ಎಂಗಲ್ ಪೆನ್ನಿಂಗ್ಟನ್ ಅವರದು. 1872ರಲ್ಲಿ ಹುಟ್ಟಿದ ಈ ರಸಾಯನವಿಜ್ಞಾನಿಗೆ ಪೆನ್ಸಿಲ್ವೇನಿಯಾ ವಿಶ್ವವಿದ್ಯಾನಿಲಯ ಹೆಣ್ಣೆಂಬ ಕಾರಣಕ್ಕೆ ಸ್ನಾತಕ ಪದವಿಯನ್ನು ಕೊಡದೆ ಬರಿಯ ಪ್ರಮಾಣಪತ್ರ ಕೊಟ್ಟಿತ್ತು, ಆದರೆ ಅದೇ ವಿಶ್ವವಿದ್ಯಾನಿಲಯದಿಂದ ಅವರು 1895ರಲ್ಲಿ ಡಾಕ್ಟರೇಟ್ ಪಡೆದರು. ಕೃಷಿ ಇಲಾಖೆಯ ರಸಾಯನ ವಿಭಾಗದ ಮುಖ್ಯಸ್ಥರಾಗಿದ್ದ ಹಾರ್ವೆ ವೈಲಿ ಅವರ ಸೂಚನೆಯಂತೆ, ಹೆಣ್ಣೆಂದು ತಿಳಿಯದಿರಲು ಎಂ. ಇ. ಪೆನ್ನಿಂಗ್ಟನ್ ಎಂಬ ಹೆಸರಿನಲ್ಲಿ ನೇಮಕಾತಿ ಪರೀಕ್ಷೆ ಬರೆದು, ಫಿಲಡೆಲ್ಫಿಯಾದ ಆಹಾರ ಸಂಶೋಧನಾ ಪ್ರಯೋಗಾಲಯದ ಮುಖ್ಯಸ್ಥೆಯಾದರು. ಕೋಳಿ ಮತ್ತು ಮೊಟ್ಟೆ ಗೂಡಿನಿಂದ ಪೇಟೆಯವರೆಗೆ ಹೇಗೆ ಸಾಗುತ್ತವೆ ಎಂಬುದನ್ನು ರೈಲು ಬೋಗಿಗಳಲ್ಲಿ ಕುಳಿತೇ ಅಳೆದ ಅವರ ಕೆಲಸದಿಂದ ಹೊರಬಂದ ಒಂದು ಸರಳ ತೀರ್ಮಾನವೆಂದರೆ, ಶೀತಲ ಸಂಗ್ರಹಕ್ಕೆ ಹೋಗುವ ಮೊಟ್ಟೆ ಸ್ವಚ್ಛವಾಗಿರಬೇಕು, ಒಣಗಿರಬೇಕು, ಬಿರುಕಿಲ್ಲದಿರಬೇಕು, ಆದರೆ ತೊಳೆದದ್ದಾಗಿರಬಾರದು. ಕೊಳೆಯನ್ನು ತೆಗೆಯುವುದಕ್ಕಿಂತ ಕೊಳೆಯಾಗದಂತೆ ಗೂಡನ್ನು ಇಡುವುದು ಲೇಸೆಂಬ ಈ ಮಾತು ಇಂದಿನ ಐರೋಪ್ಯ ನಿಲುವಿಗೆ ಬಹಳ ಹತ್ತಿರವಾಗಿದೆ. ಅದು ಮೊದಲು ಗಟ್ಟಿಯಾಗಿ ಕೇಳಿಬಂದ ನೆಲಗಳಲ್ಲಿ ಅಮೆರಿಕವೂ ಒಂದು ಎಂಬುದನ್ನು ಇಂದಿನ ವಾದಿಗಳು ಮರೆಯುತ್ತಾರೆ.

ಮೊಟ್ಟೆ ಏಕೆ ಕೊಳೆಯುತ್ತದೆ ಎನ್ನುವುದಕ್ಕಿಂತ ಅದು ಏಕೆ ಇಷ್ಟು ದಿನ ಕೊಳೆಯದೆ ಉಳಿಯುತ್ತದೆ ಎಂಬ ಪ್ರಶ್ನೆ ಹೆಚ್ಚು ಫಲ ಕೊಟ್ಟಿತು. ಪೆನಿಸಿಲಿನ್ ಕಂಡುಹಿಡಿಯುವುದಕ್ಕೆ ಮುಂಚೆ, 1922ರಲ್ಲಿ, ಲಂಡನ್ನಿನ ಅಲೆಗ್ಸಾಂಡರ್ ಫ್ಲೆಮಿಂಗ್ ಅವರು ಲೈಸೊಜೈಮ್ ಎಂಬ ಕಿಣ್ವದ ಬಗ್ಗೆ ಪ್ರಕಟಿಸಿದ್ದರು. ಕಣ್ಣೀರು, ಎಂಜಲುಗಳಲ್ಲಿರುವ ಈ ಕಿಣ್ವ ಕೆಲವು ಜಾತಿಯ ಬ್ಯಾಕ್ಟೀರಿಯಾಗಳ ಕೋಶಭಿತ್ತಿಯನ್ನು ಕರಗಿಸುತ್ತದೆ, ಮತ್ತು ಅದು ಬಹು ಸಮೃದ್ಧವಾಗಿ ಸಿಗುವುದು ಮೊಟ್ಟೆಯ ಬಿಳಿಲೋಳೆಯಲ್ಲಿ. ಆದರೆ ಮೊಟ್ಟೆಯನ್ನು ಕೊಳೆಸುವ ಸೂಡೊಮೊನಾಸ್ ಕುಲದವು, ಹಾಗೆಯೇ ತಿಂದವರನ್ನು ಕಾಯಿಲೆ ಕೆಡವುವ ಸಾಲ್ಮೊನೆಲ್ಲಾ, ಹೊರಗೆ ಇನ್ನೊಂದು ಪೊರೆಯುಳ್ಳ ಜಾತಿಗಳಾದ್ದರಿಂದ ಲೈಸೊಜೈಮಿಗೆ ಸುಲಭವಾಗಿ ಸಿಗುವುದಿಲ್ಲ. ಅವುಗಳನ್ನು ತಡೆಯುವ ಇನ್ನೊಂದು ಶಕ್ತಿಯನ್ನು ಆರ್ಥರ್ ಶೇಡ್ ಮತ್ತು ಲಿಯೋನಾ ಕ್ಯಾರೊಲಿನ್ 1944ರಲ್ಲಿ ಗುರುತಿಸಿದರು. ಹಸಿ ಬಿಳಿಲೋಳೆಯಲ್ಲಿ ಬ್ಯಾಕ್ಟೀರಿಯಾ ಬೆಳೆಯದಿರಲು ಕಾರಣ ಅಲ್ಲಿ ಬಳಸಿಕೊಳ್ಳಲು ಕಬ್ಬಿಣವೇ ಸಿಗದಿರುವುದು, ಕಬ್ಬಿಣ ಸೇರಿಸಿದರೆ ಅವು ಮತ್ತೆ ಬೆಳೆಯುತ್ತವೆ ಎಂದು ಅವರು ತೋರಿಸಿದರು. ಬಿಳಿಲೋಳೆಯಲ್ಲಿರುವ ಕೊನಾಲ್ಬುಮಿನ್ ಎಂಬ ಪ್ರೋಟೀನು ಕಬ್ಬಿಣದ ಕಣಗಳನ್ನು ಬಿಗಿಯಾಗಿ ಹಿಡಿದಿಡುವುದರಿಂದ ಒಳಹೊಕ್ಕ ಸೂಕ್ಷ್ಮಜೀವಿ ಉಪವಾಸ ಬೀಳುತ್ತದೆ. ಇದರ ಜೊತೆಗೆ, ದಿನ ಕಳೆದಂತೆ ಇಂಗಾಲದ ಡೈಆಕ್ಸೈಡ್ ಹೊರಹೋಗಿ ಬಿಳಿಲೋಳೆ ಹೆಚ್ಚು ಕ್ಷಾರೀಯವಾಗುವುದೂ ಬ್ಯಾಕ್ಟೀರಿಯಾಗಳಿಗೆ ಪ್ರತಿಕೂಲವೇ.

ಇಷ್ಟು ಕಾವಲಿದ್ದೂ ತೊಳೆದ ಮೊಟ್ಟೆ ಕೊಳೆಯುವುದೇಕೆ ಎಂಬುದಕ್ಕೆ ಸ್ಪಷ್ಟ ಉತ್ತರ ಬಂದದ್ದು ಕೇಂಬ್ರಿಜ್‌ನಿಂದ. ಅಲ್ಲಿನ ಆರ್. ಬಿ. ಹೇನ್ಸ್ ಅವರು 1930ರ ದಶಕದ ಕೊನೆಯಲ್ಲಿ ಮೊಟ್ಟೆಯ ಚಿಪ್ಪಿನ ಮೇಲಿನ ಬ್ಯಾಕ್ಟೀರಿಯಾಗಳನ್ನು ಎಣಿಸಿದ್ದರು. ಒಂದು ಮೊಟ್ಟೆಯ ಮೇಲೆ ನೂರರ ಲೆಕ್ಕದಿಂದ ಹಿಡಿದು ಕೋಟಿಯವರೆಗೂ ಇರಬಹುದಾದ ಇವುಗಳ ಸಾಮಾನ್ಯ ಸಂಖ್ಯೆ ಲಕ್ಷದ ಆಸುಪಾಸು ಎಂದು ಮುಂದಿನ ಅಧ್ಯಯನಗಳೂ ಹೇಳಿವೆ. ಹೇನ್ಸ್ ಮತ್ತು ಟಿ. ಮೋರನ್ ಜೊತೆಗೂಡಿ 1940ರಲ್ಲಿ ಪ್ರಕಟಿಸಿದ ಲೇಖನದ ಪ್ರಯೋಗ ಬಹಳ ಸರಳವಾದದ್ದು. ಬೆಚ್ಚಗಿನ ಮೊಟ್ಟೆಯನ್ನು ಬ್ಯಾಕ್ಟೀರಿಯಾ ತುಂಬಿದ ತಣ್ಣನೆಯ ದ್ರವದಲ್ಲಿ ಮುಳುಗಿಸಿದಾಗ ಒಳಗಿನ ಪದಾರ್ಥ ಕುಗ್ಗಿ, ಗಾಳಿಯನ್ನು ಎಳೆದುಕೊಳ್ಳಬೇಕಾದ ರಂಧ್ರಗಳು ಆ ದ್ರವವನ್ನೇ ಒಳಗೆಳೆದುಕೊಂಡವು. ಹಿಕ್ಕೆಯ ಕಣ ತೇಲುವ ಬಕೆಟ್ಟಿನಲ್ಲಿ ಬೆಚ್ಚನೆಯ ಮೊಟ್ಟೆಯನ್ನು ಅದ್ದುವ ರೈತ, ತಾನು ಹೊರಗಿನಿಂದ ತೆಗೆದ ಕೊಳೆಯನ್ನು ಮೊಟ್ಟೆಯ ಒಳಕ್ಕೇ ಕಳುಹಿಸುತ್ತಿದ್ದ. ಒಣಗಿದ ಚಿಪ್ಪಿನ ಮೇಲೆ ಲಕ್ಷ ಬ್ಯಾಕ್ಟೀರಿಯಾ ಇದ್ದರೂ ಅವು ಇದ್ದಲ್ಲೇ ಇರುತ್ತವೆ. ಅವುಗಳಿಗೆ ವಾಹನ ಒದಗಿಸುವುದು ನೀರು, ಆ ವಾಹನವನ್ನು ಒಳಕ್ಕೆ ಸೆಳೆಯುವುದು ತಾಪದ ವ್ಯತ್ಯಾಸ. ಮೊಟ್ಟೆ ತೊಳೆಯುವ ವಿದ್ಯೆಯ ಇಡೀ ಚರಿತ್ರೆಯಲ್ಲಿ ಇದಕ್ಕಿಂತ ಮುಖ್ಯವಾದ ತಿಳಿವು ಇನ್ನೊಂದಿಲ್ಲ.

ಎರಡನೆಯ ಮಹಾಯುದ್ಧ ಈ ವಿಷಯಕ್ಕೆ ಎರಡು ಕಡೆಯಿಂದ ಒತ್ತಡ ತಂದಿತು. ಒಂದು, ಹಡಗಿನಲ್ಲಿ ಜಾಗ ಉಳಿಸಲು ಅಮೆರಿಕದಿಂದ ಬ್ರಿಟನ್ನಿಗೆ ಸಾಗಿಸಿದ ಮೊಟ್ಟೆಪುಡಿಯ ಮೂಲಕ, ಬ್ರಿಟನ್ನಿನಲ್ಲಿ ಅದುವರೆಗೆ ಕಾಣದಿದ್ದ ಸಾಲ್ಮೊನೆಲ್ಲಾ ಪ್ರಭೇದಗಳು ಅಲ್ಲಿನ ರೋಗಿಗಳಲ್ಲಿ ಕಾಣಿಸಿಕೊಂಡವು. ಈ ಬಗ್ಗೆ ಅಲ್ಲಿನ ವೈದ್ಯಕೀಯ ಸಂಶೋಧನಾ ಮಂಡಲಿ 1947ರಲ್ಲಿ ದೊಡ್ಡ ವರದಿಯನ್ನೇ ಹೊರಡಿಸಿತು. ಸಾಲ್ಮೊನೆಲ್ಲಾ ಎಂಬ ಹೆಸರು ಅಮೆರಿಕದ ಪಶುವೈದ್ಯ ಡೇನಿಯಲ್ ಸಾಲ್ಮನ್ ಅವರ ನೆನಪಿನದಾದರೂ, 1885ರಲ್ಲಿ ಅದನ್ನು ಬೇರ್ಪಡಿಸಿದವರು ಅವರ ಕೈಕೆಳಗಿದ್ದ ಥಿಯೊಬಾಲ್ಡ್ ಸ್ಮಿತ್. ಮೊಟ್ಟೆಗೆ ಮುಂದೆ ಅತ್ಯಂತ ಕುಖ್ಯಾತವಾದ ಎಂಟರಿಟಿಡಿಸ್ ಪ್ರಭೇದವನ್ನು 1888ರಲ್ಲಿ ಜರ್ಮನಿಯ ಆಗಸ್ಟ್ ಗೇರ್ಟ್ನರ್ ಮಾಂಸದಿಂದಾದ ವಿಷಪ್ರಕರಣವೊಂದರಲ್ಲಿ ಗುರುತಿಸಿದ್ದರು. ಒಂದೇ ಒಂದು ಮೊಟ್ಟೆ ಸೋಂಕುಳ್ಳದ್ದಾದರೂ ಸಾವಿರಾರು ಮೊಟ್ಟೆಗಳನ್ನು ಒಡೆದು ಒಂದೇ ಕೊಪ್ಪರಿಗೆಗೆ ಸುರಿದರೆ ಇಡೀ ರಾಶಿ ಸೋಂಕಾಗುತ್ತದೆ ಎಂಬ ಪಾಠ ಮೊಟ್ಟೆಪುಡಿಯಿಂದ ಸಿಕ್ಕಿತು. ಒಡೆದ ಮೊಟ್ಟೆಯ ದ್ರವವನ್ನು ಪಾಶ್ಚರೀಕರಿಸಬೇಕೆಂಬ, ಅಂದರೆ ಬೇಯದಷ್ಟು ಹದವಾಗಿ ಕಾಯಿಸಿ ರೋಗಾಣುಗಳನ್ನು ಕೊಲ್ಲಬೇಕೆಂಬ ಕಾನೂನು ಬ್ರಿಟನ್ನಿನಲ್ಲಿ 1963ರಲ್ಲಿ ಬಂತು. ಅಲ್ಲಿ ನಿಗದಿಯಾದ ಹದ 64.4 ಡಿಗ್ರಿ ಸೆಲ್ಸಿಯಸ್‌ನಲ್ಲಿ ಎರಡೂವರೆ ನಿಮಿಷ.

ಇನ್ನೊಂದು ಒತ್ತಡ ಇಡಿ ಮೊಟ್ಟೆಯ ದೂರಸಾಗಣೆಯದು. ಆಸ್ಟ್ರೇಲಿಯಾದ ಮೊಟ್ಟೆ ಉಷ್ಣವಲಯವನ್ನು ಹಾದು ವಾರಗಟ್ಟಲೆ ಪ್ರಯಾಣ ಮಾಡಿ ಬ್ರಿಟನ್ ಸೇರಬೇಕಾಗಿದ್ದರಿಂದ, ತೊಳೆಯುವಾಗ ಆದ ಅಲ್ಪ ತಪ್ಪೂ ಬಂದರು ಮುಟ್ಟುವ ಹೊತ್ತಿಗೆ ದೊಡ್ಡ ನಷ್ಟವಾಗುತ್ತಿತ್ತು. ಅಲ್ಲಿನ ರಾಷ್ಟ್ರೀಯ ವಿಜ್ಞಾನ ಸಂಸ್ಥೆಯ ಗಿಲೆಸ್ಪಿ, ಸ್ಕಾಟ್ ಮತ್ತು ವಿಕರಿ ಎಂಬ ಮೂವರು ತೊಳೆಯದ ಮೊಟ್ಟೆ, ಕೈಯಿಂದ ತೊಳೆದ ಮೊಟ್ಟೆ, ಯಂತ್ರದಿಂದ ತೊಳೆದ ಮೊಟ್ಟೆ ಇವುಗಳನ್ನು ಪ್ರತ್ಯೇಕವಾಗಿ ಸಂಗ್ರಹಿಸಿಟ್ಟು ಹೋಲಿಸಿ 1950ರಲ್ಲಿ ಸರಣಿ ಲೇಖನಗಳನ್ನು ಪ್ರಕಟಿಸಿದರು. ಬ್ರಿಟನ್ ಮತ್ತು ಯುರೋಪಿನ ವ್ಯಾಪಾರಿಗಳ ಮನಸ್ಸಿನಲ್ಲಿ ತೊಳೆದ ಮೊಟ್ಟೆ ಎಂದರೆ ಶಂಕಾಸ್ಪದ ಮೊಟ್ಟೆ ಎಂಬ ಭಾವನೆ ಬಲವಾಗಿ ಬೇರೂರಿದ್ದು ಇಂಥ ಅನುಭವಗಳಿಂದಲೇ.

ಅಮೆರಿಕ ಅದೇ ಅನುಭವದಿಂದ ಬೇರೆ ದಾರಿ ಹಿಡಿಯಿತು. ಯುದ್ಧಾನಂತರ ಅಲ್ಲಿ ಕೋಳಿಸಾಕಣೆ ಹಿತ್ತಲಿನಿಂದ ದೊಡ್ಡ ಫಾರಮ್ಮುಗಳಿಗೆ ಜಾರಿ, ಮೊಟ್ಟೆಯನ್ನು ಮರಳುಕಾಗದದಿಂದಲೋ ಉಕ್ಕಿನ ನಾರಿನಿಂದಲೋ ಒಂದೊಂದಾಗಿ ಉಜ್ಜಿ ಒಣಶುಚಿ ಮಾಡುವುದು ಅಸಾಧ್ಯವಾಯಿತು. ನೀರು ಅನಿವಾರ್ಯವಾದ ಮೇಲೆ ನೀರನ್ನು ಪಳಗಿಸುವುದೇ ಉಳಿದ ದಾರಿ. ಹಾಗೆ ರೂಪುಗೊಂಡ ನಿಯಮಗಳ ಒಂದೊಂದು ಅಂಶದ ಹಿಂದೆಯೂ ಒಂದೊಂದು ಬಗೆಯ ಕೊಳೆತದ ನೆನಪಿದೆ. ತೊಳೆಯುವ ನೀರು ಕನಿಷ್ಠ 32 ಡಿಗ್ರಿ ಸೆಲ್ಸಿಯಸ್ ಇರಬೇಕು, ಅಲ್ಲದೆ ಮೊಟ್ಟೆಯ ಒಳಗಿನ ಬಿಸಿಗಿಂತ ಕನಿಷ್ಠ 11 ಡಿಗ್ರಿ ಹೆಚ್ಚಾಗಿರಬೇಕು ಎಂಬ ನಿಯಮ ಹೇನ್ಸ್ ಮತ್ತು ಮೋರನ್ ಅವರ ಪ್ರಯೋಗವನ್ನೇ ತಿರುಗಿಸಿ ಹಿಡಿದದ್ದು: ನೀರು ಹೆಚ್ಚು ಬಿಸಿಯಾಗಿದ್ದರೆ ಒಳಗಿನ ದ್ರವ ಹಿಗ್ಗಿ ರಂಧ್ರಗಳಿಂದ ಗಾಳಿ ಹೊರಕ್ಕೆ ತಳ್ಳಲ್ಪಡುತ್ತದೆ, ಕೊಳೆನೀರು ಒಳಬರುವುದಿಲ್ಲ. ಮೊಟ್ಟೆಯನ್ನು ತೊಟ್ಟಿಯಲ್ಲಿ ಮುಳುಗಿಸಕೂಡದು, ಸಾಗುಪಟ್ಟಿಯ ಮೇಲೆ ಉರುಳುತ್ತಿರುವಾಗ ಸಿಂಪರಣೆ ಮತ್ತು ಕುಂಚಗಳಿಂದ ತೊಳೆಯಬೇಕು ಎಂಬುದರ ಹಿಂದೆ ಬಕೆಟ್ಟಿನ ನೆನಪಿದೆ. ಮರುಬಳಕೆಯಾಗುವ ತೊಳೆನೀರನ್ನು ಸುಮಾರು ನಾಲ್ಕು ಗಂಟೆಗೊಮ್ಮೆ ಬದಲಾಯಿಸಬೇಕು, ಏಕೆಂದರೆ ಹಿಕ್ಕೆ ಮತ್ತು ಒಡೆದ ಮೊಟ್ಟೆಯ ಲೋಳೆ ಬೆರೆತ ನೀರಿನಲ್ಲಿ ಸೋಂಕುನಿವಾರಕ ಆ ಕೊಳೆಯೊಡನೆಯೇ ವರ್ತಿಸಿ ವ್ಯರ್ಥವಾಗುತ್ತದೆ. ಮಾರ್ಜಕದಿಂದ ನೀರಿನ ಕ್ಷಾರತೆ ಪಿಎಚ್ 11ರ ಆಸುಪಾಸಿನಲ್ಲಿದ್ದರೆ ಸಾಲ್ಮೊನೆಲ್ಲಾ ಆ ನೀರಿನಲ್ಲಿ ಬದುಕಿ ಉಳಿಯುವುದು ಕಷ್ಟ. ಆದ್ದರಿಂದ ಕ್ಷಾರ ಇಲ್ಲಿ ಕೊಳೆ ಬಿಡಿಸುವುದಷ್ಟೇ ಅಲ್ಲದೆ ಕಾವಲಿನ ಕೆಲಸವನ್ನೂ ಮಾಡುತ್ತದೆ. ಕೊನೆಯ ಜಾಲಿಸುವಿಕೆಗೆ ಬಳಸುವ ನೀರಿನಲ್ಲಿ ದಶಲಕ್ಷಕ್ಕೆ 100ರಿಂದ 200 ಭಾಗದಷ್ಟು ಕ್ಲೋರಿನ್ ಅಥವಾ ಅಷ್ಟೇ ಬಲದ ಬೇರೆ ಸೋಂಕುನಿವಾರಕವಿರಬೇಕು, ಆಮೇಲೆ ಮೊಟ್ಟೆಯನ್ನು ಕೂಡಲೇ ಒಣಗಿಸಬೇಕು. ಒದ್ದೆ ಮೊಟ್ಟೆಯನ್ನು ಪೆಟ್ಟಿಗೆಗೆ ತುಂಬಿದರೆ ಹಿಂದಿನ ಶ್ರಮವೆಲ್ಲ ನೀರುಪಾಲು.

ಇವೆಲ್ಲದರಲ್ಲಿ ಅತ್ಯಂತ ಕುತೂಹಲದ ನಿಯಮ ಕಬ್ಬಿಣದ್ದು. ತೊಳೆಯುವ ನೀರಿನಲ್ಲಿ ಕಬ್ಬಿಣದ ಅಂಶ ದಶಲಕ್ಷಕ್ಕೆ ಎರಡು ಭಾಗವನ್ನು ಮೀರಿರಬಾರದೆಂದು ಅಮೆರಿಕದ ಕಟ್ಟಳೆ ಹೇಳುತ್ತದೆ. ಕುಡಿಯುವ ನೀರಿನಲ್ಲಿ ಕಬ್ಬಿಣ ಹೆಚ್ಚಿದರೆ ರುಚಿ, ಬಣ್ಣ ಕೆಡುತ್ತದೆ. ಆದರೆ ಚಿಪ್ಪಿನ ಹೊರಮೈಯನ್ನು ತೊಳೆಯುವ ನೀರಿಗೆ ಈ ಕಟ್ಟು ಏಕೆ ಎಂಬುದಕ್ಕೆ ಉತ್ತರ ಕ್ಯಾಲಿಫೋರ್ನಿಯಾದ ಗಾರಿಬಾಲ್ಡಿ ಮತ್ತು ಬೇನ್ ಎಂಬ ಸಂಶೋಧಕರು 1960ರಿಂದ ಪ್ರಕಟಿಸಿದ ಕೆಲಸದಲ್ಲಿದೆ. ಬಿಳಿಲೋಳೆಯಲ್ಲಿ ಕಬ್ಬಿಣ ಸಿಗದೆ ಬ್ಯಾಕ್ಟೀರಿಯಾ ಉಪವಾಸ ಬೀಳುತ್ತದೆ ಎಂದು ಶೇಡ್ ಮತ್ತು ಕ್ಯಾರೊಲಿನ್ ಹೇಳಿದ್ದರಷ್ಟೆ. ಕೊಳವೆಬಾವಿಯ ಕಬ್ಬಿಣಯುಕ್ತ ನೀರಿನಲ್ಲಿ ತೊಳೆದ ಮೊಟ್ಟೆಯ ರಂಧ್ರಗಳಲ್ಲಿ ಬ್ಯಾಕ್ಟೀರಿಯಾದ ಜೊತೆಗೆ ಕಬ್ಬಿಣವೂ ಒಳಹೋಗುವುದರಿಂದ ಆ ಉಪವಾಸ ಮುರಿದುಬೀಳುತ್ತದೆ, ಕೊಳೆತ ಬೇಗ ಆರಂಭವಾಗುತ್ತದೆ. ಸೂಡೊಮೊನಾಸ್ ಹತ್ತಿದ ಮೊಟ್ಟೆ ಅತಿನೇರಳೆ ಬೆಳಕಿನಲ್ಲಿ ಹಸಿರಾಗಿ ಹೊಳೆಯುತ್ತದೆ ಎಂಬುದನ್ನು ಪರೀಕ್ಷಕರು ಮೊದಲೇ ಬಲ್ಲವರಾಗಿದ್ದರು. ಆ ಹೊಳೆಯುವ ವರ್ಣದ್ರವ್ಯ ಆ ಬ್ಯಾಕ್ಟೀರಿಯಾ ಕಬ್ಬಿಣವನ್ನು ದೋಚಲೆಂದೇ ಸ್ರವಿಸುವ ವಸ್ತು ಎಂದು ಅನಂತರ ತಿಳಿದಾಗ ಎರಡು ಬಿಡಿ ಸಂಗತಿಗಳು ಒಂದಾದವು. ಪ್ರಯೋಗಾಲಯದ ಶುದ್ಧ ಜಿಜ್ಞಾಸೆಯೊಂದು ಹದಿನಾರು ವರ್ಷಗಳಲ್ಲಿ ಕೊಟ್ಟಿಗೆಯ ನಲ್ಲಿನೀರಿನ ಪರೀಕ್ಷೆಗೆ ದಾರಿಯಾದದ್ದು ಆಹಾರವಿಜ್ಞಾನದಲ್ಲಿ ಅಪರೂಪದ ನಿದರ್ಶನ.

1970ರಲ್ಲಿ ಅಮೆರಿಕದ ಸಂಸತ್ತು ಮೊಟ್ಟೆ ಉತ್ಪನ್ನಗಳ ತಪಾಸಣಾ ಕಾಯಿದೆಯನ್ನು ಅಂಗೀಕರಿಸಿ, ಬಿರುಕು ಬಿಟ್ಟ ಮತ್ತು ಕೊಳೆಯಾದ ಮೊಟ್ಟೆಗಳನ್ನು ಇಡಿಯಾಗಿ ಮಾರುವುದನ್ನು ನಿರ್ಬಂಧಿಸಿತು. ಚಿಪ್ಪಿನ ಶುಚಿತ್ವದ ಸಮಸ್ಯೆ ಬಗೆಹರಿಯಿತೆಂದು ಆ ದಶಕದಲ್ಲಿ ಅನೇಕರು ನಂಬಿದ್ದರು. ಸ್ವಚ್ಛವಾದ, ಬಿರುಕಿಲ್ಲದ ಎ ದರ್ಜೆಯ ಮೊಟ್ಟೆಯಿಂದ ಸಾಲ್ಮೊನೆಲ್ಲಾ ಬರುವ ಸಂಭವ ತೀರ ಕಡಿಮೆ ಎಂದು ಭಾವಿಸಲಾಗಿತ್ತು. 1988ರಲ್ಲಿ ಅಮೆರಿಕದ ವೈದ್ಯಕೀಯ ಪತ್ರಿಕೆಯಲ್ಲಿ ಬಂದ ಅಧ್ಯಯನವೊಂದು, ದೇಶದ ಈಶಾನ್ಯ ಭಾಗದಲ್ಲಿ ಹೆಚ್ಚುತ್ತಿದ್ದ ಎಂಟರಿಟಿಡಿಸ್ ಸೋಂಕಿಗೆ ಇದೇ ಎ ದರ್ಜೆಯ ಮೊಟ್ಟೆಗಳು ಪ್ರಮುಖ ಮೂಲವೆಂದು ತೋರಿಸಿ ಆ ನಂಬಿಕೆಯನ್ನು ಕೆಡವಿತು. ಈ ಪ್ರಭೇದ ಕೋಳಿಯ ಅಂಡಾಶಯ ಮತ್ತು ಅಂಡನಾಳದಲ್ಲಿ ನೆಲೆಸಿ, ಚಿಪ್ಪು ಮೂಡುವುದಕ್ಕೆ ಮೊದಲೇ ಮೊಟ್ಟೆಯೊಳಗೆ ಸೇರಬಲ್ಲದು; ಕೋಳಿ ಮಾತ್ರ ನೋಡಲು ಆರೋಗ್ಯವಾಗಿಯೇ ಇರುತ್ತದೆ. ಎಷ್ಟು ಹದವಾದ ಬಿಸಿನೀರಾಗಲಿ, ಎಷ್ಟು ಕ್ಲೋರಿನ್ನಾಗಲಿ ಅಲ್ಲಿಗೆ ಮುಟ್ಟಲಾರದು. ಅದೇ ವರ್ಷದ ಡಿಸೆಂಬರಿನಲ್ಲಿ ಬ್ರಿಟನ್ನಿನ ಕಿರಿಯ ಆರೋಗ್ಯ ಸಚಿವೆ ಎಡ್ವಿನಾ ಕರಿ ಅವರು ದೇಶದ ಬಹುಪಾಲು ಮೊಟ್ಟೆ ಉತ್ಪಾದನೆಗೆ ಸಾಲ್ಮೊನೆಲ್ಲಾ ತಗುಲಿದೆ ಎಂಬರ್ಥದ ಹೇಳಿಕೆ ಕೊಟ್ಟು, ಮಾರಾಟ ಕುಸಿದು, ಎರಡು ವಾರಗಳೊಳಗೆ ರಾಜೀನಾಮೆ ಕೊಡಬೇಕಾಯಿತು. ಅವರ ಮಾತಿನಲ್ಲಿ ಅತಿಶಯೋಕ್ತಿ ಇತ್ತು, ಆದರೆ ರೋಗವಂತೂ ನಿಜವಾಗಿತ್ತು.

ಈ ಘಟ್ಟದಿಂದ ಎರಡು ಖಂಡಗಳ ದಾರಿಗಳು ಇನ್ನಷ್ಟು ಕವಲೊಡೆದವು. ಬ್ರಿಟನ್ ಕೋಳಿಗಳಿಗೆ ಲಸಿಕೆ ಹಾಕುವ ದಾರಿಯನ್ನು ಹಿಡಿದು, 1998ರಿಂದ ಮೊಟ್ಟೆಯ ಮೇಲೆ ಒತ್ತುವ ಸಿಂಹಮುದ್ರೆಯ ಯೋಜನೆಯಡಿ ಅದನ್ನು ವ್ಯಾಪಕಗೊಳಿಸಿತು. ಸೋಂಕು ಎಷ್ಟರಮಟ್ಟಿಗೆ ಇಳಿಯಿತೆಂದರೆ, ಆ ಮುದ್ರೆಯ ಮೊಟ್ಟೆಯನ್ನು ಗರ್ಭಿಣಿಯರೂ ಮಕ್ಕಳೂ ಅರೆಬೆಂದ ಸ್ಥಿತಿಯಲ್ಲಿ ತಿನ್ನಬಹುದೆಂದು ಅಲ್ಲಿನ ಆಹಾರ ಪ್ರಾಧಿಕಾರ 2017ರಲ್ಲಿ ತನ್ನ ಸಲಹೆಯನ್ನು ಬದಲಾಯಿಸಿತು. ಐರೋಪ್ಯ ಒಕ್ಕೂಟದ 2008ರ ನಿಯಮಾವಳಿ ತೊಳೆಯುವುದನ್ನು ನಿಷೇಧಿಸುತ್ತ, ತೊಳೆತದಿಂದ ಕ್ಯುಟಿಕಲ್‌ನಂಥ ಕಾವಲು ಪೊರೆಗಳಿಗೆ ಧಕ್ಕೆಯಾಗಬಹುದೆಂಬ ಕಾರಣವನ್ನು ಕೊಟ್ಟಿತು; ಜೊತೆಗೆ, ತಣ್ಣಗಿಟ್ಟ ಮೊಟ್ಟೆಯನ್ನು ಕೋಣೆಯ ಬಿಸಿಗೆ ತಂದಾಗ ಅದರ ಮೇಲೆ ಕೂರುವ ಇಬ್ಬನಿಯಂಥ ತೇವ ಬ್ಯಾಕ್ಟೀರಿಯಾಗೆ ಅನುಕೂಲವಾದೀತೆಂದು ಮಾರಾಟಕ್ಕೆ ಮುನ್ನ ಶೀತಲೀಕರಿಸುವುದನ್ನೂ ತಡೆಯಿತು. ಆದರೂ ಮೊದಲಿನಿಂದ ತೊಳೆಯುತ್ತ ಬಂದಿದ್ದ ಸ್ವೀಡನ್ನಿನಂಥ ಕಡೆ ವಿನಾಯಿತಿ ಉಳಿಸಲಾಗಿದೆ ಎಂಬುದನ್ನು ಗಮನಿಸಿದರೆ, ನಿಷೇಧದ ಹಿಂದೆ ವಿಜ್ಞಾನದಷ್ಟೇ ರೂಢಿಯೂ ಇದೆಯೆಂಬುದು ಸ್ಪಷ್ಟ. ಅಮೆರಿಕವಾದರೋ ಪೊರೆಯನ್ನು ಕಳೆದುಕೊಂಡ ಮೊಟ್ಟೆಗೆ ಶೀತವನ್ನೇ ಪೊರೆಯಾಗಿ ಕೊಟ್ಟಿತು: ಪೆಟ್ಟಿಗೆಗೆ ಹಾಕಿದ ಮೊಟ್ಟೆ 7.2 ಡಿಗ್ರಿ ಸೆಲ್ಸಿಯಸ್ ಮೀರದಂತೆ ಇರಬೇಕೆಂಬ ನಿಯಮ 1990ರ ದಶಕದ ಕೊನೆಗೆ ಜಾರಿಯಾಯಿತು, 2009ರ ನಿಯಮ ದೊಡ್ಡ ಫಾರಮ್ಮುಗಳಲ್ಲಿ ಇಟ್ಟ 36 ಗಂಟೆಗಳೊಳಗೆ ಶೀತಲೀಕರಣವನ್ನು ಕಡ್ಡಾಯ ಮಾಡಿತು. ಬಿಸಿ ಅನ್ನದ ಮೇಲೆ ಹಸಿ ಮೊಟ್ಟೆಯನ್ನು ಒಡೆದು ತಿನ್ನುವ ಜಪಾನಿನಲ್ಲಿ ಚಿಪ್ಪಿನ ಶುಚಿತ್ವ ಊಟದ ಪ್ರಶ್ನೆಯೇ ಆದ್ದರಿಂದ, ಅಲ್ಲಿನ ಮಾರ್ಗದರ್ಶಿ ಸೂತ್ರಗಳು 30 ಡಿಗ್ರಿಗೂ ಮೇಲ್ಪಟ್ಟ, ಮೊಟ್ಟೆಗಿಂತ ಕನಿಷ್ಠ 5 ಡಿಗ್ರಿ ಹೆಚ್ಚು ಬಿಸಿಯಾದ ನೀರನ್ನೂ ದಶಲಕ್ಷಕ್ಕೆ 150 ಭಾಗ ಅಥವಾ ಅದಕ್ಕೂ ಹೆಚ್ಚಿನ ಹೈಪೊಕ್ಲೋರೈಟನ್ನೂ ಹೇಳುತ್ತವೆ.

ಮರಿ ಮಾಡಿಸುವ ಮೊಟ್ಟೆಗಳ ಚರಿತ್ರೆ ಸ್ವಲ್ಪ ಬೇರೆಯಾಗಿ ಸಾಗಿತು. ಅವನ್ನು ಒದ್ದೆ ಮಾಡುವುದಕ್ಕೆ ಹ್ಯಾಚರಿಗಳು ಅಂಜುತ್ತಿದ್ದವು. ಅದಕ್ಕಾಗಿ ಇಪ್ಪತ್ತನೆಯ ಶತಮಾನದ ಬಹುಕಾಲ ಫಾರ್ಮಲಿನ್ ದ್ರಾವಣಕ್ಕೆ ಪೊಟ್ಯಾಸಿಯಂ ಪರ್ಮಾಂಗನೇಟ್ ಬೆರೆಸಿ, ಅದರಿಂದೇಳುವ ಫಾರ್ಮಾಲ್ಡಿಹೈಡ್ ಹೊಗೆಯಲ್ಲಿ ಮೊಟ್ಟೆಗಳನ್ನು ಮುಚ್ಚಿದ ಕೋಣೆಯೊಳಗೆ ಇಡುವ ಧೂಪನ ಪದ್ಧತಿ ಪ್ರಪಂಚದೆಲ್ಲೆಡೆ ನಡೆಯಿತು, ಭಾರತದ ಹ್ಯಾಚರಿಗಳಲ್ಲಿಯೂ ಅದು ದಿನನಿತ್ಯದ ಕೆಲಸವಾಯಿತು. ಅಂತರರಾಷ್ಟ್ರೀಯ ಕ್ಯಾನ್ಸರ್ ಸಂಶೋಧನಾ ಸಂಸ್ಥೆ 2004ರಲ್ಲಿ ಫಾರ್ಮಾಲ್ಡಿಹೈಡನ್ನು ಮನುಷ್ಯರಿಗೆ ಕ್ಯಾನ್ಸರ್‌ಕಾರಕವೆಂದು ವರ್ಗೀಕರಿಸಿದ ಮೇಲೆ ಹೈಡ್ರೋಜನ್ ಪೆರಾಕ್ಸೈಡ್, ಅತಿನೇರಳೆ ಕಿರಣ, ಓಜೋನ್ ಮೊದಲಾದ ಬದಲಿಗಳ ಹುಡುಕಾಟ ಚುರುಕಾಯಿತು. ತಿನ್ನುವ ಮೊಟ್ಟೆಯ ಕ್ಷೇತ್ರದಲ್ಲೂ ಇವೇ ಹೆಸರುಗಳು ಈಗ ಕೇಳಿಬರುತ್ತವೆ. ಅತಿನೇರಳೆ ಕಿರಣವನ್ನು ಶುಚಿಗೊಳಿಸುವಿಕೆಯೆಂದು ಪರಿಗಣಿಸಬಾರದೆಂದು ಐರೋಪ್ಯ ನಿಯಮವೇ ಒಪ್ಪಿದೆ. ಕಿರಣಕ್ಕೆ ನೀರು ಬೇಡ, ಆದರೆ ಹಿಕ್ಕೆಯ ನೆರಳಿನಲ್ಲಿ ಅಡಗಿದ ಬ್ಯಾಕ್ಟೀರಿಯಾವನ್ನು ಅದು ಮುಟ್ಟುವುದಿಲ್ಲ.

ಭಾರತ ಈ ಎರಡು ದಾರಿಗಳ ನಡುವೆ ತೀರ್ಮಾನ ಮಾಡದೆಯೇ ಬೆಳೆದ ದೇಶ. 2023-24ರಲ್ಲಿ ಇಲ್ಲಿ ಉತ್ಪಾದನೆಯಾದ ಮೊಟ್ಟೆ ಸುಮಾರು 14,277 ಕೋಟಿ. ಆಂಧ್ರಪ್ರದೇಶ, ತಮಿಳುನಾಡು, ತೆಲಂಗಾಣ, ಪಶ್ಚಿಮ ಬಂಗಾಳಗಳ ಜೊತೆ ಕರ್ನಾಟಕವೂ ಮುಂಚೂಣಿಯ ಉತ್ಪಾದಕ ರಾಜ್ಯಗಳಲ್ಲಿ ಒಂದು. ಹೊಸಪೇಟೆ, ಮೈಸೂರು, ಬೆಂಗಳೂರುಗಳಲ್ಲಿ ದಿನದ ದರ ಘೋಷಣೆಯಾಗುವ ಈ ಮೊಟ್ಟೆಗಳಲ್ಲಿ ಬಹುಪಾಲು ತೊಳೆಯದೆ, ತಣಿಸದೆ, 30ರ ಟ್ರೇಗಳಲ್ಲಿ ಲಾರಿಯೇರಿ ಕೆಲವೇ ದಿನಗಳಲ್ಲಿ ಅಂಗಡಿ ಸೇರಿ ಖರ್ಚಾಗುತ್ತವೆ. ಇಳಿಜಾರಿನ ತಂತಿಯ ಪಂಜರದಲ್ಲಿ ಇಟ್ಟ ಕೂಡಲೇ ಮೊಟ್ಟೆ ಉರುಳಿ ಮುಂದಕ್ಕೆ ಬರುವುದರಿಂದ ಹಿಕ್ಕೆ ಮೆತ್ತುವುದು ಕಡಿಮೆ ಎಂಬುದನ್ನು ಒಪ್ಪಬೇಕು, ಪಂಜರದ ಇತರ ದೋಷಗಳೇನೇ ಇರಲಿ. ಕೋಲಾರ ಜಿಲ್ಲೆಯ ಮಾಲೂರಿನಲ್ಲಿರುವಂಥ ಮೊಟ್ಟೆಪುಡಿಯ ರಫ್ತು ಕಾರ್ಖಾನೆಗಳ ಮಾತು ಬೇರೆ: ಅಲ್ಲಿ ಮೊಟ್ಟೆಯನ್ನು ತೊಳೆದು ಸೋಂಕು ಕಳೆದು ಕೂಡಲೇ ಒಡೆದು ಪಾಶ್ಚರೀಕರಿಸುವುದರಿಂದ ಪೊರೆ ಹೋದ ಚಿಪ್ಪು ದಿನಗಟ್ಟಲೆ ಕಾಯುವ ಪ್ರಶ್ನೆಯೇ ಏಳುವುದಿಲ್ಲ. ಕರ್ನಾಟಕದ ಶಾಲೆಗಳಲ್ಲಿ ಮಕ್ಕಳಿಗೆ ಕೊಡುವ ಮೊಟ್ಟೆ ಚಿಪ್ಪಿನೊಡನೆಯೇ ಗಟ್ಟಿಯಾಗಿ ಬೇಯುವುದರಿಂದ ಚಿಪ್ಪಿನ ಒಳಗಿನ ಹೊರಗಿನ ಬ್ಯಾಕ್ಟೀರಿಯಾಗಳೆರಡೂ ಸಾಯುತ್ತವೆ. ಅಲ್ಲಿ ಅಪಾಯವಿದ್ದರೆ ಅದು ಹಸಿ ಮೊಟ್ಟೆಯನ್ನು ಮುಟ್ಟಿದ ಕೈಯಿಂದಲೇ ಬೆಂದ ಮೊಟ್ಟೆಯನ್ನು ಸುಲಿಯುವುದರಲ್ಲಿದೆ.

ಚಿಂತೆಗೆ ಕಾರಣವಾಗಬೇಕಾದದ್ದು ಅಮೆರಿಕದ್ದೂ ಅಲ್ಲದ ಯುರೋಪಿನದ್ದೂ ಅಲ್ಲದ ನಡುದಾರಿಯ ಪದ್ಧತಿ. ನಗರಗಳ ಅಂಗಡಿಗಳಲ್ಲಿ ತೊಳೆದದ್ದೆಂಬ ಒಕ್ಕಣೆಯ, ಹೊಳೆಯುವ ಚಿಪ್ಪಿನ ಮೊಟ್ಟೆ ಹೆಚ್ಚು ಬೆಲೆಗೆ ಮಾರಾಟವಾಗುತ್ತಿದೆ. ತೊಳೆದ ನೀರಿನ ಬಿಸಿ, ಕ್ಷಾರತೆ, ಕಬ್ಬಿಣದ ಅಂಶ ಇವುಗಳನ್ನು ಅಳೆದು, ತೊಳೆದ ಮೇಲೆ ಫಾರಮ್ಮಿನಿಂದ ಅಡುಗೆಮನೆಯವರೆಗೂ ತಣ್ಣಗೆ ಇಟ್ಟರೆ ಅದು ಒಳ್ಳೆಯ ಮೊಟ್ಟೆಯೇ. ಆದರೆ ತೊಳೆದು, ಬೇಸಗೆಯ 38 ಡಿಗ್ರಿಯ ಕಪಾಟಿನಲ್ಲಿ ಪೇರಿಸಿಟ್ಟರೆ ಅಮೆರಿಕದ ಕಾವಲೂ ಇಲ್ಲ, ಯುರೋಪಿನ ಕಾವಲೂ ಇಲ್ಲ. ಪೆನ್ನಿಂಗ್ಟನ್ ಅವರ ಕಾಲದ ಬಕೆಟ್ಟಿನ ಮೊಟ್ಟೆಯೇ ಹೊಸ ಪೆಟ್ಟಿಗೆಯಲ್ಲಿ ಮರಳಿ ಬಂದಂತಾಗುತ್ತದೆ. ಶೀತಲ ಸಾಗಣೆಯ ವ್ಯವಸ್ಥೆ ಪೂರ್ತಿಯಾಗಿ ಏರ್ಪಡುವವರೆಗೆ ಭಾರತದ ಹವೆಗೆ ತೊಳೆಯದ, ಒಣಗಿದ, ಬೇಗ ಖರ್ಚಾಗುವ ಮೊಟ್ಟೆಯೇ ಹೆಚ್ಚು ಸುರಕ್ಷಿತ. ಮನೆಯಲ್ಲಿಯೂ ಮೊಟ್ಟೆಯನ್ನು ತಂದ ಕೂಡಲೇ ತೊಳೆದು ಎತ್ತಿಡುವ ಬದಲು, ತೊಳೆಯಲೇಬೇಕೆನಿಸಿದರೆ ಒಡೆಯುವುದಕ್ಕೆ ಸ್ವಲ್ಪ ಮುಂಚೆ ಬೆಚ್ಚನೆಯ ನೀರಿನಲ್ಲಿ ತೊಳೆದು, ಹಳದಿ ಭಾಗವೂ ಗಟ್ಟಿಯಾಗುವವರೆಗೆ ಬೇಯಿಸುವುದು ಒಳ್ಳೆಯದು.